ಗುಂಪಿನಿಂದ ಬಿಟ್ಟುಹೋದ ಹೆಸರು

ಚಳ್ಳಕೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೊಳಕಾಲ್ಮುರು ತಾಲ್ಲೂಕಿನ ಬಿ.ಜಿ. ಕೆರೆಯಲ್ಲಿ ಆಸ್ಪತ್ರೆಯದೇ ಒಂದು ಸಣ್ಣ ಕ್ಲಿನಿಕ್ ಇದೆ. ಎರಡರ ನಡುವೆ ಏನು ಹೋಗಬಹುದು, ಏನು ಬರಬಹುದು ಎಂಬುದನ್ನು ಫೈರ್‌ವಾಲ್ ಎಂಬ ಪೆಟ್ಟಿಗೆ ಕಾಯುತ್ತದೆ. ಬಿಡಬೇಕಾದ ಸೇವೆಗಳನ್ನೆಲ್ಲ ಒಂದು ಗುಂಪು ಮಾಡಿ ಇಟ್ಟಿರುತ್ತೇವೆ. ಆ ಗುಂಪಿನಲ್ಲಿಲ್ಲದ್ದು ದಾಟುವುದಿಲ್ಲ.

ಆಗ ಬಿ.ಜಿ. ಕೆರೆ ಕಡೆಯ ಕುರಿಗಾಹಿಯೊಬ್ಬರ ಹೆಂಡತಿ ನಮ್ಮ ಐಸಿಯುನಲ್ಲಿದ್ದರು. ಗಂಟಲಿಗೆ ನಳಿಕೆ ಹಾಕಿದ್ದರಿಂದ ಮಾತಿರಲಿಲ್ಲ. ಗಂಡನಿಗೆ ಕುರಿ ಬಿಟ್ಟು ಬರುವಂತಿರಲಿಲ್ಲ. ದಿನಾ ಸಂಜೆ ನಾಲ್ಕು ಗಂಟೆಗೆ ಕ್ಲಿನಿಕ್ಕಿಗೆ ಹೋಗಿ, ವಿಡಿಯೋ ಕರೆಯಲ್ಲಿ ಹೆಂಡತಿಯನ್ನು ನೋಡಲು ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಒಮ್ಮೆ ನಾನೇ ಕೇಳಿಸಿಕೊಂಡಿದ್ದೆ: "ಆ ಕರೇದು ಈದೈತೆ ಕಣೆ. ಎಲ್ಡು ಮರಿ." ಆಕೆ ಇಲ್ಲಿ ಎರಡು ಬೆರಳು ಎತ್ತಿ ತೋರಿಸಿ ಕಣ್ಣಲ್ಲೇ ನಕ್ಕಿದ್ದರು.

ಒಂದು ಮಧ್ಯಾಹ್ನ ಲ್ಯಾಬಿನ ಹೊಸ ಯಂತ್ರದ ಸೇವೆಯನ್ನು ಗುಂಪಿಗೆ ಸೇರಿಸಬೇಕಿತ್ತು. ಕಮ್ಯಾಂಡ್ ಲೈನಿನಲ್ಲಿ ಇರುವ ಪಟ್ಟಿಗೆ ಒಂದು ಹೆಸರು ಸೇರಿಸುವ ಆಜ್ಞೆಯೇ ಬೇರೆ, ಇಡೀ ಪಟ್ಟಿಯನ್ನು ಹೊಸದಾಗಿ ಬರೆಯುವ ಆಜ್ಞೆಯೇ ಬೇರೆ. ನಾನು ಎರಡನೆಯದನ್ನು ಕೊಟ್ಟು, ಹಳೆಯ ಹೆಸರುಗಳನ್ನು ನೆನಪಿನಿಂದಲೇ ಟೈಪ್ ಮಾಡಿದೆ. ವಿಡಿಯೋ ಕರೆಯದು ಬಿಟ್ಟುಹೋಯಿತು. ಪೆಟ್ಟಿಗೆ ಏನೂ ತಕರಾರು ಮಾಡದೆ ಒಪ್ಪಿಕೊಂಡಿತು.

ನಾಲ್ಕೂವರೆಗೆ ಕ್ಲಿನಿಕ್ಕಿನ ನರ್ಸ್ ಫೋನ್ ಮಾಡಿದರು.

"ಸರ್, ವಿಡಿಯೋ ಬರ್ತಿಲ್ಲ. ಯಜಮಾನ್ರು ಆಗ್ಲಿಂದ ಕಾಯ್ತಾ ಕೂತವ್ರೆ."

"ಲೈನ್ ಸರಿಯಿಲ್ಲ ಅನ್ಸುತ್ತೆ. ನಾಳೆ ನೋಡ್ತೀನಿ ಬಿಡ್ರಿ."

ಅಷ್ಟು ಸುಲಭವಾಗಿ ಅಂದುಬಿಟ್ಟೆ. ಲ್ಯಾಬಿನವರು ತಮ್ಮ ಹೊಸ ಯಂತ್ರ ಶುರುವಾಗಲೆಂದು ನನ್ನ ಪಕ್ಕದಲ್ಲೇ ಕಾಯುತ್ತ ನಿಂತಿದ್ದರು.

ಮರುದಿನ ಬೆಳಿಗ್ಗೆ ಬಂದವನೇ ಗುಂಪನ್ನು ತೆರೆದು ನೋಡಿದೆ. ಬಿಟ್ಟುಹೋಗಿದ್ದು ಕಣ್ಣಿಗೆ ಹೊಡೆಯಿತು. ಸೇರಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಸರಿಯಾಯಿತು ಎಂದು ಹೇಳೋಣವೆಂದು ಐಸಿಯುಗೆ ಹೋದರೆ ಆಯಾ ಆಕೆಯ ಖಾಲಿ ಮಂಚ ಒರೆಸುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಜೀವ ಹೋಗಿತ್ತು.

ಎರಡು ವಾರ ನನಗೆ ನನ್ನನ್ನೇ ಸಹಿಸಲಾಗಲಿಲ್ಲ. ಕೊನೆಗೆ ಬಸ್ಸು ಹತ್ತಿ ಆ ಕುರಿಗಾಹಿಯ ಊರಿಗೆ ಹೋದೆ. ಹಟ್ಟಿಯ ಬೇಲಿ ಪಕ್ಕ ಕೂತು ಕುರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದರು.

"ಅವತ್ತು ಲೈನ್ ಕೆಟ್ಟಿರ್ಲಿಲ್ಲ ಯಜಮಾನ್ರೆ. ತಪ್ಪು ನಂದು," ಅಂದೆ.

ಅವರು ಮುಳ್ಳು ಕಿತ್ತು ಕುರಿಯನ್ನು ಬಿಟ್ಟರು. ಆಮೇಲೆ ಕೇಳಿದರು:

"ನಾನು ಬಂದು ಕುಂತಿದ್ದೆ ಅಂತ ಅವ್ಳಿಗೆ ಯಾರಾರ ಹೇಳಿದ್ರಾ ಸಾರ್?"

ಇದನ್ನೇ ನಾನು ಐಸಿಯು ನರ್ಸುಗಳನ್ನೆಲ್ಲ ಕೇಳಿ ಬಂದಿದ್ದೆ. ಯಾರಿಗೂ ನೆನಪಿರಲಿಲ್ಲ. ಹೇಳಿದ್ದರು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂತು.

"ಗೊತ್ತಿಲ್ಲ," ಅಂದೆ.

ಅವರು ತಲೆಯಾಡಿಸಿದರು. ನನ್ನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಕುರಿ ಬಿಡುವ ಹೊತ್ತಾಗಿತ್ತು, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.