ಪರೀಕ್ಷೆಯ ಬೆಳಗ್ಗೆ ಹೆಡರ್ ಸಿಗದಿದ್ದಾಗ

ಖಾನಾಪುರದ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್ನೂ ಕಸ ಹೊಡೆದಿಲ್ಲ. ವಡಗಾವಿಯಿಂದ ಮೊದಲ ಬಸ್ಸಿಗೆ ಬಂದಿರುವ ಲ್ಯಾಬ್ ಸಹಾಯಕಿ ರತ್ನಮಾಲಾ ಊಟದ ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಕೂರುತ್ತಾರೆ. ಪರದೆಯ ಮೇಲೆ ಅದೇ ಹಳೆಯ ತಕರಾರು: ಕರ್ನಲ್ ಹೆಡರ್ ಸಿಗುತ್ತಿಲ್ಲ. "ಮತ್ತ ಬಂತು ನೋಡ್ರಿ," ಎಂದು, ಅವರ ಕೆಲಸ ನೋಡಲು ಬಂದ ನನಗೆ ತೋರಿಸುತ್ತಾರೆ. ಹತ್ತು ಗಂಟೆಗೆ ಪ್ರಾಯೋಗಿಕ ಪರೀಕ್ಷೆ ಇದೆ.

ಇಲ್ಲಿ ಪ್ರತಿ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಯುತ್ತದೆ. ವಿದ್ಯಾರ್ಥಿಗಳು ಲಿನಕ್ಸ್ ಕಲಿಯುವುದು ಆ ಒಳಗಿನದರಲ್ಲಿ. ಒಳಗಿನದಕ್ಕೂ ಹೊರಗಿನದಕ್ಕೂ ನಂಟು ಬೆಸೆಯುವುದು ಗೆಸ್ಟ್ ತಂತ್ರಾಂಶ. ಅದು ಕೂರದಿದ್ದರೆ ಎರಡಕ್ಕೂ ಸೇರಿದ ಫೋಲ್ಡರ್ ತೆರೆಯುವುದಿಲ್ಲ. ಪರೀಕ್ಷಕರಿಗೆ ತೋರಿಸಬೇಕಾದ ಮಕ್ಕಳ ವರ್ಷದ ಕೆಲಸವೆಲ್ಲ ಅದರಲ್ಲೇ ಇದೆ.

ಕೆಡಿಸಿದವರೇನೂ ಕೆಟ್ಟವರಲ್ಲ. ಲ್ಯಾಬಿನ ಉಸ್ತುವಾರಿ ಬಾಪುಸಾಹೇಬ ಸರ್, ಬೀಗರು ಬರುವ ಮನೆಗೆ ಸುಣ್ಣ ಹೊಡೆಸಿದ ಹಾಗೆ, ಹೊರಗಿನ ಪರೀಕ್ಷಕರ ಗೌರವಕ್ಕೆಂದು ನಿನ್ನೆ ಸಂಜೆ ಈ ಕೋಣೆಯ ಎಲ್ಲ ಯಂತ್ರಗಳಿಗೂ ಅಪ್‌ಡೇಟ್ ಹಾಕಿದ್ದಾರೆ. ಲಿನಕ್ಸಿನ ತಿರುಳಾದ ಕರ್ನಲ್ ಹೊಸದಾಯಿತು, ಅದರ ಅಳತೆ ಹೇಳುವ ಹೆಡರ್ ಕಡತಗಳು ಬರಲಿಲ್ಲ; ಅವಿಲ್ಲದೆ ಗೆಸ್ಟ್ ತಂತ್ರಾಂಶ ಕೂರುವುದಿಲ್ಲ. ಹೋದ ವರ್ಷವೂ ಇದೇ ಕಥೆ. ಈ ಉಪಕಾರ ಯಾರಿಗೆ ಬೇಕಿತ್ತೋ!

"ಕೂಸು ಬೆಳದೈತಿ. ಹಳೀ ಅಳತಿ ಹಿಡಕೊಂಡು ಅಂಗಿ ಹೊಲಿದ್ರ ಹಿಡಸತೈತೇನ್ರಿ? ಮೊದಲ ಯಾವ ಕರ್ನಲ್ ಓಡಾಕತ್ತೈತಿ ನೋಡಬೇಕು, ಅದರದ ಹೆಡರ್ ತರಬೇಕು," ಎಂದು ವಿವರಿಸುತ್ತಾರೆ ರತ್ನಮಾಲಾ. ಕಾಲೇಜಿನ ನೆಟ್ ಇನ್ನೂ ಎದ್ದಿಲ್ಲ. ತಮ್ಮ ಮೊಬೈಲಿನ ನೆಟ್ಟಿನಿಂದಲೇ ಹೆಡರ್ ಇಳಿಸಿ, ಗೆಸ್ಟ್ ತಂತ್ರಾಂಶವನ್ನು ಮತ್ತೆ ಹಾಕಿ, ಯಂತ್ರವನ್ನು ಒಮ್ಮೆ ಮುಚ್ಚಿ ತೆರೆದು ಕಾಯುತ್ತಾರೆ. ಫೋಲ್ಡರ್ ಕಂಡರೆ ಪಕ್ಕದ ಯಂತ್ರಕ್ಕೆ ಸರಿಯುತ್ತಾರೆ.

ಹಿಂದವಾಡಿಯ ಸೈಬರ್ ಕೆಫೆಯೊಂದರಲ್ಲಿ ಟೈಪಿಂಗ್ ಮಾಡುತ್ತಲೇ ಇದನ್ನೆಲ್ಲ ಕಲಿತವರು ಅವರು. ಕೆಫೆ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಕೆಲಸ ಇನ್ನೂ ಗುತ್ತಿಗೆಯದೇ. ಪರೀಕ್ಷೆ ಕೆಟ್ಟರೆ ಮೊದಲು ಬೆರಳು ತಮ್ಮತ್ತಲೇ ಎಂಬುದು ಅವರಿಗೆ ಗೊತ್ತು. ಕುತ್ತಿಗೆ ನೋವಿಗೆ ಡಾಕ್ಟರು ಪರದೆ ನೋಡುವುದನ್ನು ಕಡಿಮೆ ಮಾಡಿ ಎಂದಿದ್ದಾರಂತೆ. "ಅವರಿಗೇನ್ರಿ, ಹೇಳತಾರ," ಎಂದು ದಣಿದ ನಗೆ ನಗುತ್ತಾರೆ.

ಏನು ಆಸೆ ಎಂದು ಕೇಳಿದೆ. "ಶಾಲು ಬ್ಯಾಡ, ಸತ್ಕಾರ ಬ್ಯಾಡ. ಹೊಸದು ಹಾಕೂ ಮೊದಲ ಸರ ನನ್ನ ಒಂದ್ ಮಾತು ಕೇಳ್ಲಿ. ಅಷ್ಟ ಸಾಕು."

ಬಾಗಿಲಲ್ಲಿ ವಿದ್ಯಾರ್ಥಿಗಳು ಸಾಲುಗಟ್ಟಿದಾಗ ಕೊನೆಯ ಯಂತ್ರದ ಫೋಲ್ಡರ್ ತೆರೆಯುತ್ತದೆ. ಪರೀಕ್ಷೆ ಶುರುವಾಗುತ್ತದೆ. ಪರೀಕ್ಷಕರು ಲ್ಯಾಬ್ ಚೆನ್ನಾಗಿದೆ ಎಂದು ಬಾಪುಸಾಹೇಬರ ಕೈ ಕುಲುಕುತ್ತಾರೆ. ರತ್ನಮಾಲಾ ಹಿಂದಿನ ಸ್ಟೂಲಿನಲ್ಲಿ ಕುತ್ತಿಗೆ ತಿಕ್ಕಿಕೊಳ್ಳುತ್ತಿದ್ದಾರೆ.

ಸ್ವಲ್ಪ ಹೊತ್ತಿಗೆ ಬಾಪುಸಾಹೇಬ ಸರ್ ರತ್ನಮಾಲಾ ಅವರ ಹತ್ತಿರ ಬಂದು ಬಗ್ಗಿ ನಿಲ್ಲುತ್ತಾರೆ.

"ಬಾಜು ಖೋಲಿ ಮಷಿನ್ನೂ ಅಪ್‌ಡೇಟ್ ಕೇಳಾಕತ್ತಾವ. ಹಾಕಲೇನ್ರಿ ಮೇಡಂ?"

"ಬ್ಯಾಡ್ರಿ ಸರ. ಪರೀಕ್ಷಾ ಮುಗೀಲಿ."

ಅವರು ತಲೆಯಾಡಿಸಿ ಹೋಗುತ್ತಾರೆ. ರತ್ನಮಾಲಾ ಕಿಟಕಿಯಲ್ಲಿದ್ದ ಡಬ್ಬಿ ತೆಗೆದುಕೊಂಡು, ಮುಚ್ಚಳ ಬಿಚ್ಚುತ್ತ ನನ್ನ ಕಡೆ ತಿರುಗುತ್ತಾರೆ.

"ಕೇಳಿದ್ರು, ನೋಡಿದ್ರಲ್ಲ?"