ಗೌನಿಪಲ್ಲಿಗೆ ಹೋದ ಎಣ್ಣೆ ಒಪ್ಪಂದ

ಫೆಬ್ರವರಿಯ ಒಂದು ಶನಿವಾರ, ಬೆಳಗಿನ ಆರೂಮುಕ್ಕಾಲಿಗೆ ಮಾಲೂರಿನಲ್ಲಿ ಕೋಲಾರದ ಬಸ್ಸು ಹತ್ತಿದೆ. ಚೀಲದಲ್ಲಿ ನೀರಿನ ಬಾಟಲಿ, ಎರಡು ಚಪಾತಿ, ಆಧಾರ್ ಕಾರ್ಡು ಮತ್ತು ಪರ್ಷಿಯಾ ದೇಶದ ಎಣ್ಣೆ ಒಪ್ಪಂದ ಇದ್ದವು. ಮೂಲ ಪ್ರತಿಯೇನಲ್ಲ, ಗಾಬರಿ ಬೇಡ. ನಾನು ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಡುವವಳು. ಇಂದು ಇರಾನ್ ಎನ್ನುವ ದೇಶದ ದೊರೆ ನೂರು ವರ್ಷಕ್ಕೂ ಹಿಂದೆ ತನ್ನ ನೆಲದಡಿಯ ಎಣ್ಣೆ ತೆಗೆಯುವ ಹಕ್ಕನ್ನು ಹೊರದೇಶದ ಒಬ್ಬ ಸಾಹುಕಾರನಿಗೆ ಬರೆದುಕೊಟ್ಟಿದ್ದ. ಆ ಕರಾರನ್ನು ತರಗತಿಗೆಂದು ನಾನೇ ಆರು ಪುಟದಲ್ಲಿ ಕನ್ನಡಕ್ಕೆ ತಂದಿದ್ದೆ.

ಅದನ್ನು ಹೊತ್ತು ಹೊರಡುವಂತೆ ಮಾಡಿದ್ದು ಗುರುವಾರ ಸಂಜೆ ಬಂದ ಒಂದು ಫೋನು. ಮಾತಾಡಿದವಳು ಭಾಗ್ಯ. ಹನ್ನೆರಡು ವರ್ಷದ ಹಿಂದೆ ಮಾಲೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ನನ್ನ ತರಗತಿಯಲ್ಲಿ ಓದಿದವಳು. ಈಗ ಶ್ರೀನಿವಾಸಪುರ ತಾಲೂಕಿನ ಗೌನಿಪಲ್ಲಿ ಹತ್ತಿರದ ತನ್ನೂರಿನಲ್ಲಿ ಗಂಡನೊಂದಿಗೆ ಮಾವಿನ ತೋಟ ನೋಡಿಕೊಂಡಿದ್ದಾಳೆ.

“ಮೇಡಂ, ಆ ಎಣ್ಣೆ ಒಪ್ಪಂದದಲ್ಲಿ ರಾಜ ದೇವರ ಜಾಗಗಳನ್ನ ಬಿಡಿಸ್ಕೊಂಡಿದ್ದ ಅಂತ ಹೇಳಿದ್ರಲ್ಲ, ಅದು ನಿಜಾನಾ? ಇಲ್ಲಾ ಪಾಠ ಚೆನ್ನಾಗಿರ್ಲಿ ಅಂತ ನೀವೇ ಸೇರಿಸಿದ್ದಾ?”

ನನಗೆ ಸಿಟ್ಟೂ ಬಂತು, ನಗುವೂ ಬಂತು. ಆ ಪಾಠದಲ್ಲಿ ನಾನು ಗಂಟಲು ಹರಿದುಕೊಂಡದ್ದು ಬೇರೆ ಸಾಲುಗಳಿಗೆ. ಅರವತ್ತು ವರ್ಷದ ಅವಧಿ. ನಿವ್ವಳ ಲಾಭದಲ್ಲಿ ದೇಶಕ್ಕೆ ನೂರಕ್ಕೆ ಹದಿನಾರು. ಕಂಪನಿಗೆ ತೆರಿಗೆಯಿಲ್ಲ. ಎರಡು ಭಾಷೆಯ ಪ್ರತಿಗಳಲ್ಲಿ ವ್ಯತ್ಯಾಸ ಬಂದರೆ ಫ್ರೆಂಚ್ ಪ್ರತಿಯ ಮಾತೇ ಮಾತು. ದೊರೆ ಹೇಗೆ ಟೋಪಿ ಹಾಕಿಸಿಕೊಂಡ ಎಂದು ನಲವತ್ತು ನಿಮಿಷ ಕೂಗಿ, ಬೆಲ್ಲು ಹೊಡೆಯುವ ಹೊತ್ತಿಗೆ ‘ಪವಿತ್ರ ಸ್ಥಳಗಳನ್ನೂ ಅವುಗಳ ಸುತ್ತ ಇನ್ನೂರು ಗಜವನ್ನೂ ಬಿಟ್ಟಿದ್ದರು’ ಎಂದು ಹೇಳಿ ಡಸ್ಟರು ಎತ್ತಿಕೊಂಡಿರಬೇಕು. ಹುಡುಗಿಗೆ ನೆನಪುಳಿದದ್ದು ಅದೊಂದೇ!

ವಿಷಯ ಇಷ್ಟು. ಅವರೂರಿನ ಹನ್ನೊಂದು ಮನೆಯವರು ಮಾವಿನ ತೋಟ ಉಳಿಸಿಕೊಂಡು, ಗುಡ್ಡದ ಮಗ್ಗುಲಿನ ಕಲ್ಲು ಜಮೀನನ್ನು ಮಾತ್ರ ಸೋಲಾರಿಗೆ ಗುತ್ತಿಗೆ ಕೊಡಲು ಒಪ್ಪಿದ್ದರು. ರೈತರಿಂದ ಸರ್ಕಾರ ಪಡೆಯುವುದು, ಸರ್ಕಾರದಿಂದ ಹೊರದೇಶದ ಒಂದು ಕಂಪನಿ ಪಡೆಯುವುದು, ಇಪ್ಪತ್ತೆಂಟು ವರ್ಷ. ಸೋಮವಾರ ನೋಂದಣಿ. ಎಲ್ಲ ಸರಿಯಿತ್ತು, ಆದರೆ ನಾರಾಯಣಮ್ಮ ಎಂಬಾಕೆ ಮಾತ್ರ ಸಹಿ ಹಾಕುವುದಿಲ್ಲ ಎಂದು ಕೂತಿದ್ದರು. ಅವರ ಎರಡೆಕರೆ ಇರುವುದು ನಟ್ಟನಡುವೆ. ಅದು ಬಿಟ್ಟರೆ ಕಂಪನಿಗೆ ಉಳಿದದ್ದೂ ಬೇಡ. ಆ ಎರಡೆಕರೆಯ ಹೊಂಗೆಮರದ ಕೆಳಗೆ ಅವರ ಗಂಡನನ್ನು ಮಣ್ಣು ಮಾಡಿದ್ದಾರೆ. ನಕ್ಷೆಯಲ್ಲಿ ಅದು ‘ಕಲ್ಲು ಗುಂಡು, ಸಮತಟ್ಟು ಮಾಡತಕ್ಕದ್ದು’ ಎಂದಾಗಿದೆ.

“ನೀವು ಆ ಪೇಪರ್ ತಗೊಂಡು ಬನ್ನಿ ಮೇಡಂ. ನಾವು ಹೇಳಿದ್ರೆ ಯಾರೂ ಕೇಳ್ತಿಲ್ಲ. ಅಜ್ಜಿ ಮೇಲೆ ಊರೇ ಮುನಿಸ್ಕೊಂಡಿದೆ,” ಎಂದಳು ಭಾಗ್ಯ.

ಕಂಡಕ್ಟರು ಸೊನ್ನೆ ರೂಪಾಯಿಯ ಹೆಂಗಸರ ಟಿಕೆಟ್ ಹರಿದುಕೊಟ್ಟರು. ಊರು ದಾಟುತ್ತಿದ್ದಂತೆ ಇಟ್ಟಿಗೆ ಗೂಡುಗಳು, ಆಮೇಲೆ ಕಾರ್ಖಾನೆಗೆ ಜನ ಹೊತ್ತೊಯ್ಯುವ ಬಿಳಿ ಬಸ್ಸುಗಳ ಸಾಲು. ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಕೋಲಾರ ಮುಟ್ಟಿದಾಗ ಎಂಟಾಗಿತ್ತು. ಟೊಮೆಟೊ ಮಾರುಕಟ್ಟೆಗೆ ಹೋಗುವ ಟೆಂಪೊಗಳು ಅಡ್ಡಾದಿಡ್ಡಿ ನಿಂತು, ನಮ್ಮ ಬಸ್ಸು ನಿಲ್ದಾಣದ ಬಾಯಲ್ಲೇ ಕಾಲು ಗಂಟೆ ಸಿಕ್ಕಿಹಾಕಿಕೊಂಡಿತು. ಇಳಿದು ಆರು ಪುಟಗಳನ್ನು ನಾಲ್ಕು ಪ್ರತಿ ಜೆರಾಕ್ಸ್ ಮಾಡಿಸಿದೆ. ಅಂಗಡಿಯಾತ ಮೇಲಿನ ಪುಟ ಓದಿ, “ಪರ್ಷಿಯಾ ಎಲ್ಲಿ ಬರುತ್ತೆ ಮೇಡಂ, ಚಿಂತಾಮಣಿ ಕಡೇನಾ?” ಎಂದ. ಇನ್ನೂ ಸ್ವಲ್ಪ ಮುಂದೆ ಎಂದೆ.

ಕೋಲಾರದಿಂದ ಶ್ರೀನಿವಾಸಪುರಕ್ಕೆ ನೇರ ಬಸ್ಸುಗಳಿವೆ. ನಾನು ಮುಳಬಾಗಿಲು ಸುತ್ತಿಕೊಂಡು ಹೋದದ್ದು ರಾಮಚಂದ್ರನನ್ನು ಕಾಣಲು. ಡಿಗ್ರಿಯಲ್ಲಿ ನನ್ನ ಜೊತೆ ಓದಿದವನು, ಈಗ ಅಲ್ಲಿ ವಕೀಲ. ಹೆದ್ದಾರಿಯಲ್ಲಿ ಮೂವತ್ತು ಕಿಲೋಮೀಟರು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಅವನು ನನ್ನನ್ನು ಮನೆಗೂ ಕರೆಯದೆ ಆಫೀಸಿಗೂ ಕರೆಯದೆ ದೋಸೆ ಹೋಟೆಲಿಗೆ ಕರೆದುಕೊಂಡು ಹೋದ. ಮುಳಬಾಗಿಲಿಗೆ ಬಂದವರನ್ನು ಮೊದಲು ದೋಸೆಯ ಮುಂದೆ ಕೂರಿಸಬೇಕೆನ್ನುವುದು ಆ ಊರಿನವರ ಹಟ. ದಪ್ಪನೆಯ ದೋಸೆ, ಮೇಲೆ ತುಪ್ಪ, ಒಳಗೆ ಪಲ್ಯ. ಎರಡು ತಿಂದೆ. ಚೀಲದ ಚಪಾತಿ ಚೀಲದಲ್ಲೇ ಉಳಿಯಿತು.

ರಾಮಚಂದ್ರ ಕೈ ತೊಳೆದು ನನ್ನ ಆರು ಪುಟ ಓದಿದ. “ಲೇ, ಇದನ್ನ ಇಟ್ಕೊಂಡು ಕೋರ್ಟಿಗೆ ಹೋದ್ರೆ ಜಡ್ಜು ಟೀ ಕುಡಿಸಿ ಕಳಿಸ್ತಾರೆ ಅಷ್ಟೇ,” ಎಂದು ನಕ್ಕ. ಆಮೇಲೆ ಭಾಗ್ಯ ಮೊಬೈಲಿಗೆ ಕಳಿಸಿದ್ದ ಕರಾರಿನ ಕರಡನ್ನು ನಿಧಾನವಾಗಿ ಓದಿದ. ಮುಖ ಗಂಭೀರವಾಯಿತು. “ನೋಡು, ಕಂಪನಿ ಏನೂ ಮೋಸ ಮಾಡಿಲ್ಲ. ಏಳನೇ ಕಲಮಿನಲ್ಲಿ ಗುಡಿ, ಬಾವಿ, ಸಮಾಧಿ ಇದ್ರೆ ಬಿಡ್ತೀವಿ ಅಂತ ಕಾಲಂ ಇದೆ. ಅದರಲ್ಲಿ ‘ಇಲ್ಲ’ ಅಂತ ತುಂಬಿದ್ದಾರೆ. ಯಾರು ತುಂಬಿಸಿದ್ದು?”

“ಊರವರೇ ಅಂತೆ.”

“ಹಾಗಾದ್ರೆ ಊರವರೇ ‘ಇದೆ’ ಅಂತ ಹೇಳ್ಬೇಕು. ಬಾಯಿಬಿಟ್ಟು ಹೇಳ್ದೆ ಇದ್ದದ್ದನ್ನ ಯಾರು ಬರೀತಾರೆ? ಸೋಮವಾರ ರಿಜಿಸ್ಟ್ರಿ ಆದ್ಮೇಲೆ ಇಪ್ಪತ್ತೆಂಟು ವರ್ಷ ಯಾರೂ ಏನೂ ಮಾಡೋಕಾಗಲ್ಲ ಕಣೇ.” ಅಷ್ಟು ಹೇಳಿ ಕರಡಿಗೆ ಸೇರಿಸಬೇಕಾದ ಎರಡು ಸಾಲನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟ. ಫೀಸು ಕೇಳಲಿಲ್ಲ, ದೋಸೆಯ ದುಡ್ಡೂ ಅವನೇ ಕೊಟ್ಟ.

ಶ್ರೀನಿವಾಸಪುರದ ದಾರಿಯಲ್ಲಿ ಬಿಸಿಲು ಏರಿತು. ಎರಡೂ ಕಡೆ ಮಾವು ಹೂ ಬಿಟ್ಟಿತ್ತು, ಬಸ್ಸಿನೊಳಗೂ ಆ ವಾಸನೆ. ಈ ಸಲ ಹೂವು ಚೆನ್ನಾಗಿ ನಿಂತಿದೆ ಎಂದು ಪಕ್ಕದ ಸೀಟಿನ ಹೆಂಗಸು ತೆಲುಗಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಹೌದೆಂದೆ. ನಮ್ಮ ಜಿಲ್ಲೆಯಲ್ಲಿ ಮಾತು ಹೀಗೇ ಸಾಗುತ್ತದೆ, ಯಾರಿಗೂ ತೊಂದರೆಯಿಲ್ಲ. ಶ್ರೀನಿವಾಸಪುರದಲ್ಲಿ ಗೌನಿಪಲ್ಲಿಗೆ ಸಿಕ್ಕಿದ್ದು ಖಾಸಗಿ ಬಸ್ಸು. ಅಭ್ಯಾಸಬಲದಿಂದ ಆಧಾರ್ ಕಾರ್ಡು ಚಾಚಿದೆ. “ಅದನ್ನ ಒಳಗಿಡಿ ಮೇಡಂ, ಮೂವತ್ತು ರೂಪಾಯಿ ತೆಗೀರಿ,” ಎಂದ ಕಂಡಕ್ಟರು. ಬಸ್ಸೆಲ್ಲ ನಕ್ಕಿತು.

ಒಂದೂವರೆಗೆ ಗೌನಿಪಲ್ಲಿಯಲ್ಲಿ ಇಳಿದಾಗ ಭಾಗ್ಯ ಸ್ಕೂಟರಿನೊಂದಿಗೆ ನಿಂತಿದ್ದಳು. ಮೈ ತುಂಬಿಕೊಂಡಿದ್ದಾಳೆ, ದನಿ ಮಾತ್ರ ಹಳೆಯದೇ. ಹಿಂದೆ ಕೂತು ನಾಲ್ಕು ಕಿಲೋಮೀಟರು ಹೋಗುವಾಗ, ಆ ‘ಇಲ್ಲ’ ಹೇಗೆ ಬಂತು ಎಂದು ಕೇಳಿದೆ.

“ಸರ್ವೆಯವರು ಬಂದ ದಿನ ಒಳ್ಳೇ ಕೆಲಸಕ್ಕೆ ಶುರು ಅಂತ ತೆಂಗಿನಕಾಯಿ ಒಡೆದು, ಹೋಳಿಗೆ ಮಾಡಿ ಊಟ ಹಾಕಿದ್ವಿ ಮೇಡಂ. ಎಲೆ ಮುಂದೆ ಕೂತಾಗ ಅವರು ‘ಸಮಾಧಿ ಗಿಮಾಧಿ ಏನಾದ್ರೂ ಇದ್ಯಾ’ ಅಂತ ಕೇಳಿದ್ರು. ಹೋಳಿಗೆ ಬಡಿಸ್ತಾ ಆ ಮಾತು ಯಾರಾಡ್ತಾರೆ? ನಮ್ಮ ಮಾವ ‘ಕಲ್ಲು ಗುಂಡು ಬಿಟ್ರೆ ಏನಿಲ್ಲ ಸಾರ್’ ಅಂದ್ಬಿಟ್ರು. ಆಮೇಲೆ ಹೇಳಿದ್ರಾಯ್ತು ಅಂತ ಎಲ್ಲರೂ ಅಂದ್ಕೊಂಡ್ರು. ಯಾರೂ ಹೇಳ್ಲಿಲ್ಲ.”

ಶುಭದ ಹೊತ್ತಿನಲ್ಲಿ ಸಾವಿನ ಮಾತು ಎತ್ತಬಾರದೆನ್ನುವುದು ನಮ್ಮ ಮನೆಯಲ್ಲೂ ಇದೆ. ಹಾಗೆಂದು ಒಬ್ಬ ಮನುಷ್ಯನನ್ನೇ ನಕ್ಷೆಯಿಂದ ಅಳಿಸಿಬಿಡುವಷ್ಟು ಮಡಿಯೇ! ನನಗೆ ರೇಗಿತು. ಆದರೆ ರೇಗಲು ಯಾರೂ ಸಿಗಲಿಲ್ಲ, ಎಲ್ಲರೂ ಮರ್ಯಾದೆಗಾಗಿಯೇ ಸುಮ್ಮನಿದ್ದವರು.

ನಾರಾಯಣಮ್ಮ ಹೊಂಗೆಮರದ ಕೆಳಗೇ ಇದ್ದರು. ಎಪ್ಪತ್ತರ ಆಸುಪಾಸು, ಸಣ್ಣ ಆಳು, ಚೊಕ್ಕಟವಾದ ನೂಲಿನ ಸೀರೆ. ಮರಕ್ಕೆ ಸರ್ವೆಯವರು ಕೆಂಪು ಬಣ್ಣದ ಗುರುತು ಹಾಕಿದ್ದರು. ಕೆಳಗೆ ನಾಲ್ಕು ಒರಟು ಕಲ್ಲು, ಒಂದರ ಮೇಲೆ ಒಣಗಿದ ಕುಂಕುಮ. ಗೊತ್ತಿಲ್ಲದವರಿಗೆ ಅದು ಕಲ್ಲಿನ ಗುಡ್ಡೆಯೇ.

“ರಾಮ್ಮಾ, ಕೂಚೋ,” ಎಂದು ತೆಲುಗಿನಲ್ಲಿ ಕರೆದು ಪಕ್ಕದ ಕಲ್ಲು ತೋರಿಸಿದರು. “ನನ್ನ ಬಯ್ಯೋಕೆ ಬಂದ್ಯಾ?”

ಇಲ್ಲವೆಂದೆ. “ಬಯ್ದ್ರೂ ತಪ್ಪಿಲ್ಲಮ್ಮ,” ಎಂದರು ಆಕೆ. “ಅವತ್ತು ಹೋಳಿಗೆ ಬಡಿಸ್ತಿದ್ದವಳು ನಾನೇ. ನಾನೂ ಬಾಯಿ ಬಿಡ್ಲಿಲ್ಲ. ಸಹಿ ಹಾಕಲ್ಲ ಅಂದ್ರೆ ಹತ್ತು ಮನೆ ಅನ್ನಕ್ಕೆ ಕಲ್ಲು ಹಾಕ್ದಂಗೆ. ಹಾಕಿದ್ರೆ ಈಯಪ್ಪನ ಮೇಲೆ ಬುಲ್ಡೋಜರು. ಏನ್ ಮಾಡ್ಲಿ ಹೇಳು.”

ಕಂಪನಿಯ ಕಡೆಯ ಶ್ವೇತಾ ಎಂಬ ಅಧಿಕಾರಿ ಮೂರು ಗಂಟೆಗೆ ಬರುವವರಿದ್ದರು. ಅದಕ್ಕೆ ಮೊದಲು ಊರಿನ ಏಳೆಂಟು ಜನ ಬಂದು ಮರದ ನೆರಳಿನಲ್ಲಿ ಕೂತರು, ನಾರಾಯಣಮ್ಮನಿಂದ ಸ್ವಲ್ಪ ದೂರವೇ. ನಾನು ಕಾಗದ ತೆಗೆದು ಪಾಠಕ್ಕೆ ನಿಂತೆ. ಒಂದು ದೊಡ್ಡ ದೇಶದ ದೊರೆ, ಒಬ್ಬ ಹೊರದೇಶದ ಸಾಹುಕಾರ, ಅರವತ್ತು ವರ್ಷ. ಉತ್ತರದ ಐದು ಸೀಮೆ ಬಿಟ್ಟು ಇಡೀ ದೇಶದ ಎಣ್ಣೆ. ಸರ್ಕಾರದ ಪಾಳು ನೆಲ ಪುಕ್ಕಟೆ, ಉಳುವ ನೆಲಕ್ಕೆ ಬೆಲೆ. ಆಳುಗಳು ಆ ದೇಶದವರೇ ಆಗಬೇಕು. ಅವಧಿ ಮುಗಿದ ಮೇಲೆ ಕಟ್ಟಿದ್ದೆಲ್ಲ ದೇಶಕ್ಕೆ. ಇಷ್ಟು ಹೇಳಿ, ಪವಿತ್ರ ಸ್ಥಳಗಳ ಸಾಲನ್ನು ಎರಡು ಸಲ ಓದಿದೆ: ಅವೂ ಅವುಗಳ ಸುತ್ತ ಅವರ ಅಳತೆಯ ಇನ್ನೂರು ಗಜವೂ ಬಿಟ್ಟದ್ದು.

ನಾರಾಯಣಮ್ಮ ತಲೆಯೆತ್ತಿದರು. “ರಾಜ ಇದನ್ನ ಯಾವಾಗ ಬರೆಸ್ದ? ಶುರೂಲೇನಾ?”

“ಶುರೂಲೇ. ಸಹಿ ಹಾಕೋ ಕಾಗದದಲ್ಲೇ ಇದೆ.”

“ಅಷ್ಟು ದೊಡ್ಡ ಒಳ್ಳೇ ಕೆಲಸದ ದಿನಾನೇ ಆ ಮಾತು ಆಡಿದ್ನಾ? ಕೆಡುಕಾಗ್ಲಿಲ್ವಾ?”

ಮೇಷ್ಟರ ಕೆಲಸದ ಕಷ್ಟವೇ ಇದು. ಆ ಒಪ್ಪಂದದಿಂದ ಆ ದೇಶಕ್ಕೆ ಆದ ಕೆಡುಕನ್ನು ನಾನು ವರ್ಷ ವರ್ಷ ಪಾಠ ಮಾಡಿದ್ದೇನೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಕೆಡುಕಾಯ್ತು ಕಣಮ್ಮ, ಬೇಕಾದಷ್ಟು ಆಯ್ತು. ಆದ್ರೆ ಬೇರೆ ಸಾಲುಗಳಿಂದ. ಈ ಸಾಲಿಂದ ಅಲ್ಲ,” ಎಂದೆ.

ಮೊದಲು ನಕ್ಕದ್ದು ಭಾಗ್ಯಳ ಮಾವ. ಆಮೇಲೆ ಅವರು ಎದ್ದು ಬಂದು ನಾರಾಯಣಮ್ಮನ ಪಕ್ಕದಲ್ಲೇ ಕೂತರು. “ತಪ್ಪು ನಂದೇ ವದಿನಾ. ಅವತ್ತೇ ಹೇಳ್ಬೇಕಿತ್ತು,” ಎಂದರು. ಅತ್ತಿಗೆಯೆಂದು ಕರೆದದ್ದಕ್ಕೋ ಏನೋ, ಆಕೆ ಅವರತ್ತ ನೋಡಿ ತಲೆಯಾಡಿಸಿದರು.

ಶ್ವೇತಾ ಸರಿಯಾಗಿ ಮೂರಕ್ಕೆ ಬಂದರು, ಮೂವತ್ತರೊಳಗಿನ ಹುಡುಗಿ, ಲ್ಯಾಪ್‌ಟಾಪು, ಧೂಳು ತುಂಬಿದ ಶೂ. ಜಗಳಕ್ಕೆ ಸಿದ್ಧವಾಗಿದ್ದ ನಾನು ಪರ್ಷಿಯಾದ ಪ್ರತಿಯೊಂದನ್ನು ಚಾಚಿದೆ. ಅವರು ಮರ್ಯಾದೆಗೆ ನೋಡಿ ಹಿಂದಿರುಗಿಸಿದರು. “ಇದೆಲ್ಲ ಬೇಕಾಗಿಲ್ಲ ಮೇಡಂ, ನಮ್ಮ ಫಾರಂನಲ್ಲೇ ಕಾಲಂ ಇದೆ. ಇದೆ ಅಂದ್ರೆ ಬಿಡ್ತೀವಿ, ಬೇಲಿಗೆ ಗೇಟೂ ಇಡ್ತೀವಿ. ಯಾರೂ ಹೇಳ್ಲಿಲ್ಲ ಅಷ್ಟೇ.” ನೂರು ಕಿಲೋಮೀಟರಿಗೂ ಹೆಚ್ಚು ಹೊತ್ತು ತಂದ ಒಪ್ಪಂದ ಮತ್ತೆ ಚೀಲ ಸೇರಿತು. ರಾಮಚಂದ್ರನ ಎರಡು ಸಾಲನ್ನು ಮಾತ್ರ ಅವರು ಖುಷಿಯಿಂದ ತೆಗೆದುಕೊಂಡರು.

“ಎಷ್ಟು ಜಾಗ ಬಿಡ್ಬೇಕಜ್ಜಿ?”

“ರಾಜನ ಲೆಕ್ಕ ಇನ್ನೂರು ಗಜ,” ಎಂದು ಯಾರೋ ಕೂಗಿದರು.

“ವದ್ದು, ವದ್ದು, ಬೇಡ. ಅಷ್ಟು ಬಿಟ್ರೆ ಸೋಲಾರು ಎಲ್ಲಿ ಹಾಕ್ತಾರೆ?” ನಾರಾಯಣಮ್ಮ ಎದ್ದು ಕಲ್ಲುಗಳಿಂದ ಹತ್ತು ಹೆಜ್ಜೆ ಎಣಿಸಿ ನಿಂತರು. “ಕೂತು ಎಡೆ ಇಡೋಕೆ ಇಷ್ಟು ಚಾಲು, ಸಾಕು. ಮರ ಮಾತ್ರ ಇರ್ಲಿ, ನೆರಳಿಗೆ.” ಶ್ವೇತಾ ಟೇಪು ಹಿಡಿದು ಅಳೆದು, ಪ್ಯಾನೆಲ್ಲಿನ ಮೇಲೆ ಮರದ ನೆರಳು ಬೀಳದ ಹಾಗೆ ಮೂರು ಮೀಟರು ತಾವೇ ಹೆಚ್ಚು ಸೇರಿಸಿದರು. ಆಮೇಲೆ ಲ್ಯಾಪ್‌ಟಾಪು ಮೊಣಕಾಲ ಮೇಲಿಟ್ಟುಕೊಂಡು ಕೇಳಿದರು, “ಯಾರ ಸಮಾಧಿ ಅಂತ ಬರೀಬೇಕು. ಹೆಸರು ಹೇಳಿ ಅಜ್ಜಿ.”

ನಾರಾಯಣಮ್ಮ ಸೆರಗು ಬಾಯಿಗೆ ಹಿಡಿದರು. ಆ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಕಾರ್ಡಿಗಾಗಲಿ, ಬ್ಯಾಂಕಿಗಾಗಲಿ, ಪಕ್ಕದಲ್ಲಿದ್ದವರು ಹೇಳಿಬಿಡುತ್ತಾರೆ. ಭಾಗ್ಯಳ ಮಾವ ಎಂದಿನಂತೆ ಬಾಯಿ ತೆರೆದರು. ನಾರಾಯಣಮ್ಮ ಕೈ ಎತ್ತಿ ಅವರನ್ನು ತಡೆದರು.

“ನೀನು ಹೇಳ್ಬೇಡಪ್ಪ. ಅವತ್ತು ನೀನು ಹೇಳಿದ್ದು ಸಾಕು.” ಸೆರಗು ಕೆಳಗಿಳಿಸಿದರು. ಕಲ್ಲುಗಳ ಕಡೆ ನೋಡಿಕೊಂಡು, ಶಾಲೆಯ ಮಗು ಹಾಜರಿ ಹೇಳುವಷ್ಟು ಗಟ್ಟಿಯಾಗಿ ಹೇಳಿದರು: “ಪೆದ್ದ ಬೈರೆಡ್ಡಿ. ಚೌಡರೆಡ್ಡಿ ಮಗ ಪೆದ್ದ ಬೈರೆಡ್ಡಿ.”

ತೆಲುಗಿನಲ್ಲಿ ಪೆದ್ದ ಎಂದರೆ ದೊಡ್ಡವನು. ಶ್ವೇತಾ ಟೈಪು ಮಾಡಿದರು. ಗೌನಿಪಲ್ಲಿಯಿಂದ ನನ್ನ ಬಸ್ಸು ನಾಲ್ಕೂವರೆಗಿತ್ತು, ಭಾಗ್ಯ ಆಗಲೇ ಸ್ಕೂಟರು ತಿರುಗಿಸಿಕೊಂಡಿದ್ದಳು. ನಾನು ಹತ್ತಿ ಕೂರುವಾಗ ಶ್ವೇತಾ ಬರೆದದ್ದನ್ನು ಓದಿ ಹೇಳಿದರು: ಸರ್ವೆ ನಂಬರು, ಅಳತೆ, ಒಂದು ಹೊಂಗೆಮರ, ಪೆದ್ದ ಬೈರೆಡ್ಡಿಯವರ ಸಮಾಧಿ, ಹೆಂಡತಿ ನಾರಾಯಣಮ್ಮನಿಗೆ ಯಾವ ಹೊತ್ತಿನಲ್ಲಾದರೂ ಬಂದುಹೋಗುವ ಹಕ್ಕು.

“ಇನ್ನೊಂದ್ಸಲ ಓದಮ್ಮ,” ಎಂದರು ನಾರಾಯಣಮ್ಮ.

ಇನ್ನೊಂದು ಸಲ ಓದಿದರು. ನಮ್ಮ ಸ್ಕೂಟರು ಇಳಿಜಾರು ಹಿಡಿಯಿತು. ತಿರುಗಿ ನೋಡಿದಾಗ ಆಕೆ ಶ್ವೇತಾಳ ಪಕ್ಕದಲ್ಲಿ ನೆಲಕ್ಕೆ ಕೂತು, ಪರದೆಯ ಮೇಲೆ ಆ ಹೆಸರು ಎಲ್ಲಿದೆಯೆಂದು ಬೆರಳಿಟ್ಟು ಕೇಳುತ್ತಿದ್ದರು.