ಮೇಲ್ತುದಿಯ ಬಿಗಿ

ಬಾವಿ ಬತ್ತಿದಾಗ ಊರವರಿಗೆ ನೀರು ಇಲ್ಲವಾಯಿತು. ಮಾಣಿಕಪ್ಪನಿಗೆ ಇಲ್ಲವಾದದ್ದು ಸದ್ದು. ಬಾವಿಗಳ ಮೇಲಿನ ಡೀಸೆಲ್ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸುವುದು ಅವನ ಕಸುಬು. ಉದಗೀರದ ಧಾನ್ಯಪೇಟೆಯ ಹಿಂದಿನ ಓಣಿಯಲ್ಲಿ ಅವನದೊಂದು ತಗಡಿನ ಅಂಗಡಿ. ವಲಾಂಡಿಯ ಕಡೆಯಿಂದ ಗಾಳಿಯಲ್ಲಿ ತೇಲಿ ಬಂದ ಸದ್ದನ್ನು ಕೇಳಿಯೇ ಅದು ಯಾರ ಹೊಲದ ಇಂಜಿನ್ನು, ಅದಕ್ಕೆ ಏನಾಗಿದೆ ಎಂದು ಹೇಳುತ್ತಾನೆಂಬ ಹೆಸರು ಅವನಿಗಿತ್ತು. ಆ ಹೆಸರಿನಲ್ಲಿ ಅರ್ಧದಷ್ಟು ಉತ್ಪ್ರೇಕ್ಷೆ ಇದ್ದಿರಬಹುದು. ಉಳಿದ ಅರ್ಧವೇ ಒಬ್ಬ ಮನುಷ್ಯನ ಬಾಳಿಗೆ ಸಾಕಾಗುವಷ್ಟಿತ್ತು.

ಎಂಬತ್ತೈದರಿಂದ ಮಳೆ ಕೈಕೊಡುತ್ತ ಬಂದಿತು. ಎಂಬತ್ತೇಳರ ಬೇಸಿಗೆಯ ಹೊತ್ತಿಗೆ ಎತ್ತಲು ನೀರಿರಲಿಲ್ಲವಾದ್ದರಿಂದ ಇಂಜಿನ್ನುಗಳು ನಡೆಯಲಿಲ್ಲ. ನಡೆಯದ ಇಂಜಿನ್ನು ಕೆಡಲಿಲ್ಲ. ಕೆಡದ ಇಂಜಿನ್ನಿಗೆ ಮಾಣಿಕಪ್ಪ ಬೇಕಾಗಲಿಲ್ಲ. ತಮ್ಮನ ಮನೆಯಿಂದ ಜೋಳ ಬರುತ್ತಿದ್ದುದರಿಂದ ಉಣ್ಣಲು ಕೊರತೆಯಿರಲಿಲ್ಲ. ಆದರೂ ಅವನು ದಿನವೂ ಅಂಗಡಿಯ ಬಾಗಿಲು ತೆರೆದು, ನಟ್ಟು ಬಿಚ್ಚುವ ಪಾನಾಗಳನ್ನು ಒರೆಸಿ, ಅವು ಮೊದಲಿದ್ದ ಜಾಗದಲ್ಲೇ ಮತ್ತೆ ಇಡುತ್ತಿದ್ದ. ಹೆಂಡತಿ ಪ್ರಯಾಗಬಾಯಿ ಅದನ್ನು ನೋಡಿ, ಗಂಡ ಇಷ್ಟು ಭಕ್ತಿಯಿಂದ ಲಿಂಗಪೂಜೆಯನ್ನೂ ಮಾಡಿದವನಲ್ಲ ಎಂದು ನೆರೆಯವರ ಮುಂದೆ ನಗುತ್ತಿದ್ದಳು.

ಆ ದಿನಗಳಲ್ಲೇ ವೀರಭದ್ರ ಅಂಗಡಿಗೆ ಬಂದದ್ದು. ಅರಿವೆ ಅಂಗಡಿಯವರ ಮನೆತನದವನಾದರೂ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಅವನ ಬಳಿ ಹಗುರ ಕಟ್ಟಿಗೆಯ ಒಂದು ಆಟದ ವಿಮಾನವಿತ್ತು. ಎರಡು ತೆಳ್ಳನೆಯ ತಂತಿಗಳ ತುದಿ ಹಿಡಿದು ನಿಂತವನ ಸುತ್ತ ಗಿರಕಿ ಹೊಡೆಯುವ ಬಗೆಯದು. ಅದನ್ನು ಹಾರಿಸಲು ಹದವಾದ ಬಯಲನ್ನು ಅವನಿಗೆ ಬರವೇ ಒದಗಿಸಿತ್ತು: ವಲಾಂಡಿ ಹಾದಿಯ ಕೆರೆ ಒಣಗಿ, ಅಂಗಳದಂತೆ ಸಪಾಟಾಗಿ ಬಿದ್ದಿತ್ತು. ಆದರೆ ಅದೇ ಕೆರೆಯ ಧೂಳು ಇಂಜಿನ್ನಿನೊಳಗೆ ಹೊಕ್ಕು ಪಿಸ್ಟನ್ನನ್ನು ಗೀರಿಹಾಕಿತ್ತು. ವೀರಭದ್ರ ಅಂಗಿಯ ಜೇಬಿನಿಂದ ತೆಗೆದಿಟ್ಟ ಆ ಇಂಜಿನ್ನು ಬೆಂಕಿಪೊಟ್ಟಣಕ್ಕಿಂತ ತುಸುವೇ ದೊಡ್ಡದು. ಮಾಣಿಕಪ್ಪ ಅದರ ಪಂಖವನ್ನು ಬೆರಳಿನಿಂದ ಒಮ್ಮೆ ತಿರುಗಿಸಿದ. ಎಷ್ಟೋ ತಿಂಗಳುಗಳಲ್ಲಿ ಮೊದಲ ಬಾರಿಗೆ ಯಾರೋ ಅವನ ಮುಂದೆ ಕೆಟ್ಟ ಇಂಜಿನ್ನೊಂದನ್ನು ಇಟ್ಟಿದ್ದರು.

ಬಿಡಿಭಾಗ ಆರಿಸಲು ಇಬ್ಬರೂ ರೈಲು ಹತ್ತಿ ಹೈದರಾಬಾದಿಗೆ ಹೋದರು. ಅಲ್ಲಿನ ಅಂಗಡಿಯಲ್ಲಿ ಆ ಇಂಜಿನ್ನಿಗೆ ಹೊಂದುವ ಜೋಡಿಗಳು, ಅಂದರೆ ಪಿಸ್ಟನ್ನು ಮತ್ತು ಅದು ಓಡಾಡುವ ಲೈನರು, ಎರಡೇ ಉಳಿದಿದ್ದವು. ಒಂದು ಯಾರೋ ಬಳಸಿ ಬಿಟ್ಟದ್ದು, ಸಲೀಸಾಗಿ ಜಾರುತ್ತಿತ್ತು. ಇನ್ನೊಂದು ಹೊಸದು, ಅದರಲ್ಲಿ ಪಿಸ್ಟನ್ನು ಮೇಲ್ತುದಿಗೆ ಹೋದಾಗ ಗಕ್ಕನೆ ಹಿಡಿಯುತ್ತಿತ್ತು. ಹೊಸ ಮಾಲು ಇನ್ನು ಬರುವುದಿಲ್ಲ, ಬೇಕಾದುದನ್ನು ಒಯ್ಯಿರಿ ಎಂದ ಅಂಗಡಿಯವ. ವೀರಭದ್ರ ಆಯ್ಕೆಯನ್ನು ಮಾಣಿಕಪ್ಪನಿಗೆ ಬಿಟ್ಟ.

"ಹೊಸಾದೇ ತಗೊಳ್ರಿ ಸರ್," ಎಂದ ಮಾಣಿಕಪ್ಪ. "ಬಿಗಿ ಇದ್ದದ್ದು ಸಡಲ ಮಾಡ್ಲಕ ಬರ್ತದ. ಸಡಲ ಇದ್ದದ್ದು ಬಿಗಿ ಮಾಡ್ಲಕ ಬರಂಗಿಲ್ಲ."

ಆಯ್ಕೆ ಸರಿಯಾಗಿತ್ತು, ಅದಕ್ಕೆ ಕೊಟ್ಟ ಕಾರಣದಲ್ಲೇ ಕೇಡಿತ್ತು. ವೀರಭದ್ರ ತಲೆದೂಗಿದ. ಜೋಡಿಯನ್ನು ಮಾಣಿಕಪ್ಪನ ಕೈಗೆ ಒಪ್ಪಿಸಿ, ರವಿವಾರ ಹಾರಿಸೋಣವೆಂದು ಹೇಳಿ, ಪರೀಕ್ಷೆಯ ಕೆಲಸಕ್ಕೆ ನಿಲಂಗಾಕ್ಕೆ ಹೊರಟುಹೋದ.

ಮಾಣಿಕಪ್ಪ ಅಂಗಡಿಯಲ್ಲಿ ಬಿಳಿ ಅರಿವೆ ಹಾಸಿ ಕುಳಿತ. ಬಾವಿಯ ಇಂಜಿನ್ನಿನ ಪಿಸ್ಟನ್ನಿಗೆ ರಿಂಗುಗಳಿರುತ್ತವೆ. ಅವು ಚಾಚಿಕೊಂಡು ಸಂದನ್ನು ಮುಚ್ಚುತ್ತವೆ. ಹಾಗಾಗಿ ಪಿಸ್ಟನ್ನು ಕೆಳಗಿನಿಂದ ಮೇಲಿನವರೆಗೆ ಒಂದೇ ಹದದಲ್ಲಿ ಜಾರಬೇಕು. ಎಲ್ಲಿ ಹಿಡಿಯುತ್ತದೋ ಅಲ್ಲಿ ಐಬಿದೆ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಮೂವತ್ತು ವರ್ಷಗಳಲ್ಲಿ ಹೆಬ್ಬೆರಳೇ ಕಲಿತುಕೊಂಡಿತ್ತು. ಈ ಪುಟ್ಟ ಪಿಸ್ಟನ್ನಿಗೆ ರಿಂಗಿರಲಿಲ್ಲ. ಅದೂ ಅವನ ಕಣ್ಣಿಗೆ ಬಿದ್ದಿತ್ತು. ಚಿಕ್ಕದಾದ್ದರಿಂದ ಬಿಟ್ಟಿರಬೇಕು ಎಂದುಕೊಂಡ. ಪಾತ್ರೆ ಬೆಳಗುವ ಪಾಲಿಶಿನಲ್ಲಿ ಔಡಲ ಎಣ್ಣೆ ಕಲಸಿ, ಪಿಸ್ಟನ್ನಿಗೆ ಸವರಿ, ಲೈನರಿನೊಳಗೆ ಮೇಲೆ ಕೆಳಗೆ ತಿಕ್ಕತೊಡಗಿದ. ಮೇಲ್ತುದಿಯ ಬಿಗಿ ತುಸುತುಸುವೇ ಕರಗಿತು. ಕೊನೆಗೆ ಪಿಸ್ಟನ್ನು ಬೆಣ್ಣೆಯಂತೆ ಜಾರಿದಾಗ ಅವನು ಇಂಜಿನ್ನನ್ನು ಜೋಡಿಸಿ, ಹೆಂಡತಿಯನ್ನು ಕರೆದು, ಪಂಖ ತಿರುಗಿಸಿ ನೋಡು ಎಂದ. ಆಕೆ ತಿರುಗಿಸಿ, ತನ್ನ ಬೀಸುವ ಕಲ್ಲನ್ನು ಮಾತ್ರ ಹಿಂಗ ಹಗುರ ಮಾಡಿಕೊಡಲಿಲ್ಲ ಎಂದು ಚುಚ್ಚಿದಳು. ಅವನು ಅಂದು ಬಹಳ ದಿನಗಳ ಮೇಲೆ ಎರಡು ರೊಟ್ಟಿ ಹೆಚ್ಚು ತಿಂದ.

ಕೆರೆಯ ದಂಡೆಗೆ ಬರಗಾಲದ ದನಗಳನ್ನು ಸಾಕಲು ಸರಕಾರ ತೆರೆದ ಶಿಬಿರ, ಮೇವಿನ ಛಾವಣಿಯಿತ್ತು. ಬಡಕಲಾದ ದೇವಣಿ ತಳಿಯ ಎತ್ತುಗಳನ್ನು ಕಟ್ಟಿಕೊಂಡು ಕುಳಿತ ಜನಕ್ಕೆ ನೋಡಲು ಬೇರೇನೂ ಇಲ್ಲದ್ದರಿಂದ ರವಿವಾರ ಎಲ್ಲರೂ ಕೆರೆಯಂಗಳಕ್ಕೆ ಇಳಿದು ಬಂದರು. ವೀರಭದ್ರ ತಂತಿ ಹಿಡಿದು ನಡುವೆ ನಿಂತ. ಮಾಣಿಕಪ್ಪ ಪ್ಲಗ್ಗಿಗೆ ಬ್ಯಾಟರಿ ತಾಗಿಸಿ, ಪಂಖಕ್ಕೆ ಬೆರಳು ಕೊಟ್ಟ. ಕಿವಿ ಕೊರೆಯುವ ಸದ್ದೆದ್ದಿತು. ವಿಮಾನ ನೆಲ ಬಿಟ್ಟು ಮೇಲೇರಿದಾಗ ಜನ ತಮಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದರು. ಮಾಣಿಕಪ್ಪ ಮಾತ್ರ ಅದರತ್ತ ನೋಡಲೇ ಇಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದ.

ಆದ್ದರಿಂದಲೇ ಕೇಡು ಎಲ್ಲರಿಗಿಂತ ಮೊದಲು ಅವನಿಗೆ ತಿಳಿಯಿತು. ಇಂಜಿನ್ನು ಬಿಸಿಯಾದಂತೆ ಸದ್ದು ತೆಳುವಾಗತೊಡಗಿತ್ತು. ಯಾವ ಬಿಡಿಭಾಗ ಸೋಲುತ್ತಿದೆ ಎಂಬುದೂ ಅವನಿಗೆ ಗೊತ್ತಾಯಿತು, ಯಾಕೆಂಬುದು ಮಾತ್ರ ತಿಳಿಯಲಿಲ್ಲ. ಎರಡನೆಯ ಸುತ್ತಿನಲ್ಲಿ ಇಂಜಿನ್ನು ನಿಂತು, ತಂತಿ ಸಡಿಲಾಯಿತು. ವಿಮಾನ ಬಿರುಕುಬಿಟ್ಟ ಮಣ್ಣಿಗೆ ಬಿದ್ದು ರೆಕ್ಕೆ ಮುರಿಯಿತು.

ಎತ್ತಿನ ಹಗ್ಗ ಹಿಡಿದು ನಿಂತಿದ್ದ ವಲಾಂಡಿಯ ರಾಚಯ್ಯ ಅಲ್ಲಿಂದಲೇ ಕೇಳಿದ: "ಯಾಕ ಮಾಣಿಕಪ್ಪ, ನಿನ್ನ ಇಂಜಿನ್ನಿಗೀ ನೀರ ಸಿಗಲಿಲ್ಲೇನು?"

ಜನ ನಕ್ಕರು. ಆ ನಗೆಯಲ್ಲಿ ವಿಷವಿರಲಿಲ್ಲ. ನಗಲು ಏನಾದರೂ ಸಿಕ್ಕಿತೆಂಬ ಸಮಾಧಾನವಿತ್ತು. ವೀರಭದ್ರ ಇಂಜಿನ್ನನ್ನು ಎತ್ತಿಕೊಂಡು ಪಂಖವನ್ನು ಮೆಲ್ಲಗೆ ತಿರುಗಿಸಿದ. ಅದು ಎಲ್ಲಿಯೂ ಹಿಡಿಯಲಿಲ್ಲ.

"ಕಾಕಾ, ಮ್ಯಾಲ ಬಿಗಿ ಇತ್ತಲ್ಲರಿ?"

"ಇತ್ತ್ರಿ. ನಾನೇ ತಗದೀನಿ."

ವೀರಭದ್ರ ಅಲ್ಲೇ ಮಣ್ಣಿನ ಮೇಲೆ ಕುಳಿತ. ತರಗತಿಯಲ್ಲಿ ಹೇಳುವಷ್ಟೇ ಸಾವಕಾಶವಾಗಿ ಹೇಳಿದ: ಲೈನರು ಹಿತ್ತಾಳೆಯದು, ಪಿಸ್ಟನ್ನು ಕಡಿಮೆ ಹಿಗ್ಗುವ ಅಲ್ಯುಮಿನಿಯಮ್ ಬೆರಕೆಯದು, ಬಿಸಿಗೆ ಲೈನರೇ ಹೆಚ್ಚು ಹಿಗ್ಗುತ್ತದೆ, ಅದರಲ್ಲೂ ಉರಿ ಹತ್ತುವ ಮೇಲ್ತುದಿ. ಹಾಗೆ ಹಿಗ್ಗಿದಾಗ ಹದ ಕೂಡಲೆಂದೇ ತಣ್ಣಗಿದ್ದಾಗ ಅಲ್ಲಿ ಬಿಗಿ ಇಟ್ಟಿರುತ್ತಾರೆ. ಆ ಬಿಗಿ ಐಬಲ್ಲ, ಇಂಜಿನ್ನಿನ ಜೀವವೇ ಅದು.

"ತಪ್ಪು ನಂದೇ ಅದ," ಎಂದ. "ವರ್ಷಾ ವರ್ಷಾ ಪೋರಗೋಳಿಗಿ ಇದೇ ಕಲಸ್ತೀನಿ. ನಿಮಗ ಹೇಳಬೇಕಂಬೋದು ತಲ್ಯಾಗ ಬರಲಿಲ್ಲ."

ಮಾಣಿಕಪ್ಪ ಮುರಿದ ರೆಕ್ಕೆಯ ಚೂರುಗಳನ್ನು ಆರಿಸಿಕೊಂಡ. ಅವನ ಕೈ ಕೆಲಸ ಮರೆತಿರಲಿಲ್ಲ, ಅವಸರವನ್ನೂ ಮಾಡಿರಲಿಲ್ಲ. ತನಗೆ ಗೊತ್ತಿದ್ದುದನ್ನು ಚಾಚೂ ತಪ್ಪದೆ ಮಾಡಿತ್ತು. ಅನುಭವವೆಂದು ನಾವು ಹೊಗಳುವುದು ಒಂದು ಬಗೆಯ ಲೋಹದ, ಒಂದು ಬಗೆಯ ಇಂಜಿನ್ನಿನ ಲೆಕ್ಕ. ಆ ಲೆಕ್ಕ ಎಲ್ಲಿ ಮುಗಿಯುತ್ತದೆಂದು ಕೈಗೆ ಒಳಗಿನಿಂದ ತಿಳಿಯುವ ಉಪಾಯವಿಲ್ಲ.

ಅವನು ಸುಮ್ಮನೆ ಕೂರಲಿಲ್ಲ. ಹೈದರಾಬಾದಿಗೆ ಒಬ್ಬನೇ ಹೋಗಿ ಬಂದ. ಆ ಹಳೆಯ ಜೋಡಿಯೂ ಖರ್ಚಾಗಿತ್ತು. ತಿಕ್ಕಿದ ಪಿಸ್ಟನ್ನನ್ನು ಕೈಯಲ್ಲಿ ಹಿಡಿದು, ತೆಗೆದದ್ದನ್ನು ತಿರುಗಿ ಹಚ್ಚುವ ದಾರಿಯುಂಟೇ ಎಂದು ಊರಿನ ಲೇಥಿನವರನ್ನೆಲ್ಲ ಕೇಳಿದ. ಇರಲಿಲ್ಲ. ವಿಮಾನ ಕಾಲೇಜಿನ ಪ್ರಯೋಗಾಲಯದ ಜಂತಿಗೆ ತೂಗಿತು.

ಮುಂದಿನ ವರ್ಷ ಮಳೆ ಬಂತು. ಕೆರೆಯಂಗಳ ನೀರೊಳಗೆ ಮುಳುಗಿತು. ಮಳೆಗಾಲ ಮುಗಿದ ಮೇಲೆ ಮೊದಲ ಕರೆ ದೇವಣಿಯ ಮೀರಾಬಾಯಿಯ ಹೊಲದಿಂದ ಬಂತು. ಮೂರು ವರ್ಷ ಸುಮ್ಮನೆ ನಿಂತ ಅವಳ ಇಂಜಿನ್ನು ತುಕ್ಕು ಹಿಡಿದು ಜಾಮಾಗಿತ್ತು. ಮಾಣಿಕಪ್ಪ ಬಿಚ್ಚಿ, ತೊಳೆದು, ರಿಂಗು ಬದಲಿಸಿ, ಪಿಸ್ಟನ್ನನ್ನು ಒಳಗೆ ಇಳಿಸಿದ. ಹೆಬ್ಬೆರಳಿನಿಂದ ಒತ್ತಿದ. ಜಾರಿತು. ಮತ್ತೆ ಹೊರಗೆ ತೆಗೆದ. ಮತ್ತೆ ಇಳಿಸಿ ಒತ್ತಿದ. ಬಾವಿಯ ಕಟ್ಟೆಯ ಮೇಲೆ ಕುಳಿತ ಮುದುಕಿ ಮೀರಾಬಾಯಿ ಹೊತ್ತನ್ನು ನೋಡಿದಳು.

"ಎಷ್ಟೊತ್ತು ಮಾಡ್ತಿ ಮಾಣಿಕಪ್ಪ? ಸರಿ ಅದನೋ ಇಲ್ಲೋ?"

ಹಿಂದೆ ಈ ಪ್ರಶ್ನೆಗೆ ಅವನ ಉತ್ತರ ಪ್ರಶ್ನೆಗಿಂತ ಮೊದಲೇ ಬರುತ್ತಿತ್ತು.

"ಬಿಸಿ ಆಗೂತನ ನೋಡಬೇಕ್ರಿ, ಅಕ್ಕಾ," ಎಂದ.

ಹ್ಯಾಂಡಲು ತಿರುವಿದಾಗ ಇಂಜಿನ್ನು ಗುಡುಗಿತು. ಪೈಪಿನ ಬಾಯಿಂದ ಮೊದಲು ಕೆಸರು, ಆಮೇಲೆ ತಿಳಿನೀರು ಬಿತ್ತು. ಮೀರಾಬಾಯಿ ಸೆರಗು ಕಟ್ಟಿಕೊಂಡು ಕಾಲುವೆಯತ್ತ ನಡೆದಳು, ಅಲ್ಲಿದ್ದ ಆಳುಗಳೂ ಹಿಂದೆ ಹೋದರು. ಸದ್ದು ಸರಿಯಾಗಿಯೇ ಇತ್ತು. ಮಾಣಿಕಪ್ಪ ಕಾದ ಸಿಲಿಂಡರಿನ ಮಗ್ಗುಲಲ್ಲಿ ಕಣ್ಣು ಮುಚ್ಚಿ ನಿಂತು, ಆ ಸದ್ದು ಯಾವಾಗ ತೆಳುವಾಗುವುದೋ ಎಂದು ಕೇಳುತ್ತಲೇ ಇದ್ದ.